ಕಬ್ಬಿಣ ಕತ್ತರಿಸುವ ಮುನ್ನ

ಪರ್ತ್

ಚಿ. ಸೌ. ಮಾನಸಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ದೊಡ್ಡಮ್ಮನೂ ಕ್ಷೇಮ. ನೀನೂ ಅಳಿಯಂದಿರೂ ಸೇರಿ ಅಡಿಲೇಡಿನ ಮನೆಯ ಶೆಡ್ಡಿನಲ್ಲಿ ಕಟ್ಟಬೇಕೆಂದಿರುವ, ಕಾರಿನ ಹಿಂದೆ ಎಳೆದೊಯ್ದು ಬಯಲಲ್ಲಿ ಬೀಡುಬಿಡುವ ಕ್ಯಾಂಪಿಂಗ್ ಟ್ರೇಲರಿನ ನಕ್ಷೆಯನ್ನೂ ಅದರ ಜೊತೆಗಿದ್ದ ಸಾಮಾನಿನ ಪಟ್ಟಿಯನ್ನೂ ಸಾವಧಾನವಾಗಿ ನೋಡಿದೆ. ನಕ್ಷೆ ಚೊಕ್ಕಟವಾಗಿದೆ, ಅಡುಗೆಯ ಕಟ್ಟೆ ಹೊರಕ್ಕೆ ಜಾರಿ ಬರುವ ಏರ್ಪಾಡು ನನಗೆ ಬಹಳ ಹಿಡಿಸಿತು. ಆದರೆ ಪಟ್ಟಿಯನ್ನು ಓದುತ್ತ ಹೋದಂತೆ ಚಿಂತೆಯಾಯಿತು. ಇನ್ನೂರು ಲೀಟರ್ ನೀರು, ಗ್ಯಾಸಿನ ಗೀಸರ್, ಏರ್ ಕಂಡೀಷನರ್, ಎರಡು ಫ್ರಿಜ್ಜು, ಸುತ್ತಲೂ ದಪ್ಪ ಪ್ಲೈವುಡ್ಡಿನ ಕಪಾಟುಗಳು ಎಂದು ಬರೆದಿದ್ದೀಯೆ. ಇವುಗಳಲ್ಲಿ ಒಂದರ ಎದುರಿಗೂ ತೂಕ ಬರೆದಿಲ್ಲ. ಟ್ರೇಲರಿನ ಕೆಲಸವನ್ನು ನಕ್ಷೆಯಿಂದ ಆರಂಭಿಸಬಾರದು, ತೂಕದಿಂದ ಆರಂಭಿಸಬೇಕು. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಭಾರ ಭಾರವನ್ನೇ ಕರೆಯುತ್ತದೆ. ಸಾಮಾನು ಹೆಚ್ಚಾದರೆ ಅದನ್ನು ಹೊರುವ ಚಾಸಿಸ್, ಅಂದರೆ ತಳದ ಉಕ್ಕಿನ ಚೌಕಟ್ಟು, ದಪ್ಪವಾಗಬೇಕು, ಚಾಸಿಸ್ ದಪ್ಪವಾದರೆ ಚಕ್ರಗಳನ್ನು ಜೋಡಿಸುವ ಆಕ್ಸಲ್ಲೂ ಬೇರಿಂಗೂ ಬ್ರೇಕೂ ದೊಡ್ಡವಾಗಬೇಕು, ಕೊನೆಗೆ ಎಳೆಯುವ ಗಾಡಿಯೇ ಸಾಲದೆಂಬ ಸ್ಥಿತಿ ಬರುತ್ತದೆ. ಈ ಆಸ್ಟ್ರೇಲಿಯ ದೇಶದ ನಿಯಮವೂ ತೂಕದ ಮೇಲೆಯೇ ನಿಂತಿದೆ. ಚಕ್ರಗಳ ಮೇಲೆ ಬೀಳುವ ಭಾರ 750 ಕಿಲೋ ದಾಟಿದರೆ ಬ್ರೇಕು ಬೇಕೇ ಬೇಕು. 2000 ಕಿಲೋ ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕಿರಬೇಕು, ಜೊತೆಗೆ ಟ್ರೇಲರು ಕಳಚಿಕೊಂಡರೆ ತಾನಾಗಿಯೇ ಬ್ರೇಕು ಹಿಡಿಯುವ ಸಾಧನವೂ ಇರಬೇಕು. ನಿನ್ನ ಪಟ್ಟಿಯನ್ನು ನಾನು ಕೂಡಿಸಿ ನೋಡಿದಾಗ ಟ್ರೇಲರು ಆ ಎರಡನೆಯ ಗಡಿಯ ಹತ್ತಿರಕ್ಕೆ ಹೋಯಿತು. ಇಬ್ಬರ ಪ್ರಯಾಣಕ್ಕೆ ಅದು ಅನವಶ್ಯಕ. ನೀರು, ಗ್ಯಾಸು, ಊಟದ ಸಾಮಾನು ಎಲ್ಲ ತುಂಬಿದ ಮೇಲೂ 1300 ಕಿಲೋ ಮೀರಬಾರದೆಂದು ಈಗಲೇ ಒಂದು ಮಿತಿ ಹಾಕಿಕೊ, ಅದರಿಂದ ಹಿಂದಕ್ಕೆ ಲೆಕ್ಕ ಮಾಡುತ್ತ ಬಾ. 100x50x3 ಮಿ.ಮೀ. ಉಕ್ಕಿನ ಕೊಳವೆ ಮೀಟರಿಗೆ 6.6 ಕಿಲೋ, 50x50x3ರದು 4.25 ಕಿಲೋ. 12 ಮಿ.ಮೀ. ಪ್ಲೈವುಡ್ಡಿನ ಒಂದು ಪೂರ್ತಿ ಹಾಳೆ ಹೆಚ್ಚು ಕಡಿಮೆ 20 ಕಿಲೋ ತೂಗುತ್ತದೆ. ಹತ್ತು ಹಾಳೆಯ ಕಪಾಟು ಮಾಡಿದರೆ ಇನ್ನೂರು ಕಿಲೋ ಬರಿಯ ಮರವನ್ನು ಮರುಭೂಮಿಗೆ ಎಳೆದುಕೊಂಡು ಹೋದಂತಾಯಿತು.

ಏರ್ ಕಂಡೀಷನರನ್ನು ದಯವಿಟ್ಟು ಬಿಟ್ಟುಬಿಡು. ನೀವು ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯ ಕಚ್ಚಾ ದಾರಿಯಾದ ಊಡ್ನಡಾಟ ಟ್ರ್ಯಾಕಿಗೆ ಹೋಗುವುದು ಜುಲೈ ತಿಂಗಳಲ್ಲಿ; ಆಗ ಅಲ್ಲಿ ಚಳಿಗಾಲ, ರಾತ್ರಿ ನಿಮಗೆ ಬೇಕಾಗುವುದು ದಪ್ಪನೆಯ ಹೊದಿಕೆ. ಗೀಸರಿನ ಕೆಲಸವನ್ನು ಒಲೆಯ ಮೇಲಿನ ಪಾತ್ರೆ ಮಾಡುತ್ತದೆ. ನೀರಿನಲ್ಲಿ ಮಾತ್ರ ಜಿಪುಣತನ ಬೇಡ, ಆದರೆ ಇನ್ನೂರು ಲೀಟರೂ ಬೇಡ. ಅರವತ್ತು ಲೀಟರಿನ ಎರಡು ಬೇರೆ ಬೇರೆ ಟ್ಯಾಂಕು ಇಟ್ಟರೆ ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಮರೀ ಎಂಬ ಊರಿನಿಂದ ಮಾರ್ಲಾದವರೆಗಿನ ಆ ಸುಮಾರು 620 ಕಿ.ಮೀ. ದಾರಿ ಊಡ್ನಡಾಟ ಊರಿನವರೆಗೆ ಹಳೆಯ ಘಾನ್ ರೈಲುಮಾರ್ಗದ ಪಕ್ಕದಲ್ಲೇ ಸಾಗುತ್ತದೆ. ಉಗಿಬಂಡಿಗಳಿಗೆ ನೀರು ಬೇಕಾಗಿದ್ದುದರಿಂದ ರೈಲನ್ನು ನೆಲದಾಳದಿಂದ ಉಕ್ಕುವ ಬುಗ್ಗೆಗಳ ಸಾಲನ್ನು ಹಿಡಿದೇ ಹಾಕಿದ್ದರು. ರೈಲಿಗೂ ಮೊದಲು ಆ ಸೀಮೆಗೆ ಸಾಮಾನು ಸಾಗಿಸಿದವರು ಅಫ್ಘಾನಿಸ್ತಾನದಿಂದಲೂ ನಮ್ಮ ಉಪಖಂಡದ ವಾಯವ್ಯ ಭಾಗದಿಂದಲೂ ಒಂಟೆಗಳೊಡನೆ ಬಂದವರು. ಮರೀಯಲ್ಲಿ ಅವರು ನೆಲೆಸಿದ ಜಾಗವಿದೆ, ತಪ್ಪದೆ ನೋಡಿ ಬನ್ನಿ.

ಇನ್ನು ಭಾರವನ್ನು ಎಲ್ಲಿ ಇಡಬೇಕೆಂಬುದು. ನಮ್ಮೂರಿನಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವವರು ಇದನ್ನು ಯಾರಿಂದಲೂ ಹೇಳಿಸಿಕೊಳ್ಳದೆ ಬಲ್ಲರು: ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರ ಮಿತಿಮೀರಿದರೆ ನೊಗ ಹೆಗಲನ್ನು ಕೊರೆಯುತ್ತದೆ. ಟ್ರೇಲರಿನಲ್ಲಿಯೂ ತುಂಬಿದ ತೂಕದ ಸುಮಾರು ಹತ್ತನೆಯ ಒಂದು ಪಾಲು ಮುಂದಿನ ಗಾಡಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳುವಂತಿರಬೇಕು. ಹಿಂದುಗಡೆ ಭಾರ ಹೆಚ್ಚಾದ ಟ್ರೇಲರು ವೇಗದಲ್ಲಿ ಬಾಲ ಬೀಸತೊಡಗುತ್ತದೆ, ಬೀಸು ಬೆಳೆದರೆ ಮುಂದಿನ ಗಾಡಿಯನ್ನೂ ತನ್ನ ಜೊತೆಗೆ ಎಳೆದುಕೊಂಡು ಬೀಳುತ್ತದೆ. ನೀನು ಬಿಡಿಚಕ್ರ, ಜೆರ್ರಿಕ್ಯಾನು, ಸೈಕಲ್ಲು ಎಲ್ಲವನ್ನೂ ಹಿಂದಿನ ಬಾಗಿಲಿಗೆ ತೂಗುಹಾಕಿದ್ದೀಯೆ. ಅವನ್ನು ಅಲ್ಲಿಂದ ತೆಗೆ. ಬಿಡಿಚಕ್ರವನ್ನು ಮುಂಭಾಗಕ್ಕೆ ತಂದು, ನೀರಿನ ಟ್ಯಾಂಕುಗಳನ್ನು ಆಕ್ಸಲ್ಲಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದಕ್ಕೆ, ಆದಷ್ಟು ಕೆಳಮಟ್ಟದಲ್ಲಿ ಇಡು. ಹಾಗೆ ಇಟ್ಟರೆ ನೀರು ಖಾಲಿಯಾಗುತ್ತ ಹೋದರೂ ಕೊಂಡಿಯ ಭಾರ ಹೆಚ್ಚು ಏರುಪೇರಾಗುವುದಿಲ್ಲ.

ಬೆಸುಗೆಯ ವಿಷಯವನ್ನು ಅಳಿಯಂದಿರಿಗೆ ಓದಿ ಹೇಳು. ಅವರ ಕೈ ಒಳ್ಳೆಯದೆಂದು ನಾನು ಬಲ್ಲೆ, ಆದರೆ ಕಚ್ಚಾ ರಸ್ತೆಯಲ್ಲಿ ಟ್ರೇಲರು ಮುರಿಯುವುದು ಕೆಟ್ಟ ಬೆಸುಗೆಯಿಂದ ಮಾತ್ರವಲ್ಲ, ತಪ್ಪು ಜಾಗದಲ್ಲಿ ಹಾಕಿದ ಒಳ್ಳೆಯ ಬೆಸುಗೆಯಿಂದಲೂ ಮುರಿಯುತ್ತದೆ. ಟ್ರೇಲರನ್ನು ಕೊಂಡಿಗೆ ಜೋಡಿಸುವ ಡ್ರಾಬಾರು ಚಾಸಿಸ್ಸಿನ ಮುಂದಿನ ಅಡ್ಡಪಟ್ಟಿಯಿಂದ ಹೊರಬರುವ ಜಾಗದಲ್ಲಿ ಬಾಗುವ ಒತ್ತಡ ಅತಿ ಹೆಚ್ಚು. ಅಲ್ಲಿ ಕೊಳವೆಯ ಮೇಲ್ಮೈಗಾಗಲಿ ತಳಕ್ಕಾಗಲಿ ಅಡ್ಡಡ್ಡಲಾಗಿ ಬೆಸುಗೆ ಎಳೆದರೆ, ಲಕ್ಷಾಂತರ ಸಲ ಕುಲುಕಿದ ಮೇಲೆ ಬಿರುಕು ಅದೇ ಗೆರೆಯನ್ನು ಹಿಡಿದು ಹೊರಡುತ್ತದೆ. ಬೆಸುಗೆಯನ್ನು ಪಕ್ಕದ ಗೋಡೆಗಳ ಮೇಲೆ ಉದ್ದುದ್ದಕ್ಕೆ ಹಾಕಲಿ, ರಂಧ್ರ ಬೇಕಾದರೆ ಪಕ್ಕದ ಗೋಡೆಯ ನಡುಮಟ್ಟದಲ್ಲಿ ಕೊರೆಯಲಿ. ಡ್ರಾಬಾರಿನ ಕೊಳವೆಗಳನ್ನು ಅಡ್ಡಪಟ್ಟಿಗೆ ನಿಲ್ಲಿಸದೆ ಚಾಸಿಸ್ಸಿನ ಕೆಳಗೆ ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗಿನ) ಮುಂದಿನ ಆನಿಕೆಯವರೆಗೆ ಒಯ್ದರೆ ಭಾರ ಒಂದೇ ಬಿಂದುವಿನಲ್ಲಿ ನಿಲ್ಲದೆ ಹಂಚಿಹೋಗುತ್ತದೆ. ಚಾಸಿಸ್ಸನ್ನು ಗ್ಯಾಲ್ವನೈಸ್ ಮಾಡಿಸುವುದಾಗಿ, ಅಂದರೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಡಿಸುವುದಾಗಿ, ಬರೆದಿದ್ದೀಯೆ, ಒಳ್ಳೆಯದು. ಆದರೆ ಎಲ್ಲ ಮುಚ್ಚಿದ ಕೊಳವೆಗಳಿಗೂ ಗಾಳಿ ಹೋಗುವ, ಸತು ಬಸಿಯುವ ರಂಧ್ರಗಳನ್ನು ಮೊದಲೇ ಕೊರೆದಿರಬೇಕು. ಸುಮಾರು 450 ಡಿಗ್ರಿಯ ಕರಗಿದ ಸತುವಿಗೆ ಇಳಿಸಿದಾಗ ಒಳಗೆ ಸಿಕ್ಕಿಕೊಂಡ ತೇವ ಉಗಿಯಾಗಿ ಕೊಳವೆಯನ್ನು ಸಿಡಿಸಬಲ್ಲದು, ಅಲ್ಲಿ ನಿಂತು ಕೆಲಸ ಮಾಡುವವರ ಪ್ರಾಣಕ್ಕೆ ಅಪಾಯ.

ಚಕ್ರದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಟ್ರೇಲರಿನ ಚಕ್ರವೂ ಟೈರೂ ನಿಮ್ಮ ಪ್ರಾಡೊ ಕಾರಿನವೇ ಆಗಿರಬೇಕು. ಚಕ್ರ ಕೂರುವ ಅದರ ಹಬ್ಬಿಗೆ ಆರು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 139.7 ಮಿ.ಮೀ., ಅದೇ ಅಳತೆಯ ಹಬ್ಬು ಟ್ರೇಲರಿಗೂ ಸಿಗುತ್ತದೆ. ಎರಡು ಗಾಡಿಗಳ ಚಕ್ರಗಳ ನಡುವಿನ ಅಗಲವೂ ಒಂದೇ ಆಗಿದ್ದರೆ ಮರಳಿನಲ್ಲಿ ಮುಂದಿನ ಗಾಡಿ ತುಳಿದ ಜಾಡಿನಲ್ಲೇ ಟ್ರೇಲರು ಬರುತ್ತದೆ, ಹೊಸ ಜಾಡು ಕೊರೆಯುವ ಶ್ರಮ ಎಂಜಿನ್ನಿಗೆ ಇರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಜೀಪಿಗಾಗಿ ಮಾಡಿಸಿದ ಕಾಲು ಟನ್ನಿನ ಟ್ರೇಲರಿಗೂ ಜೀಪಿನ ಚಕ್ರಗಳನ್ನೇ, ಅದೇ ಅಗಲಕ್ಕೆ ಹಾಕಿದ್ದರು.

ಆ ರಸ್ತೆಗಳಲ್ಲಿ ನಿಜವಾದ ಶತ್ರು ಕಲ್ಲೂ ಅಲ್ಲ, ಗುಂಡಿಯೂ ಅಲ್ಲ. ಚಕ್ರಗಳು ಕುಣಿದು ಕುಣಿದು ಮಣ್ಣಿನಲ್ಲಿ ಮೂಡಿಸಿದ, ಕಾರುಗೇಷನ್ ಎನ್ನುವ ಸಣ್ಣ ಗಟ್ಟಿ ಅಲೆಗಳು. ಅವು ಗಂಟೆಗಟ್ಟಲೆ ಬಿಡದೆ ಕುಲುಕುತ್ತವೆ, ನಟ್ಟು ಸಡಿಲವಾಗುತ್ತದೆ, ಪೆಟ್ಟಿಗೆಯೊಳಗಿನ ತಂಪು ಪಾನೀಯದ ಡಬ್ಬಿಗಳು ಒಂದಕ್ಕೊಂದು ಉಜ್ಜಿ ತೂತಾಗುತ್ತವೆ. ಆದ್ದರಿಂದ ಶಾಕ್ ಅಬ್ಸಾರ್ಬರಿಲ್ಲದ ಟ್ರೇಲರನ್ನು ಅಲ್ಲಿಗೆ ಒಯ್ಯಲೇಬಾರದು. ಪ್ರತಿ ಚಕ್ರಕ್ಕೂ ಬೇರೆ ತೋಳು, ಕಾಯಿಲ್ ಸ್ಪ್ರಿಂಗು ಇರುವ ದುಬಾರಿ ವ್ಯವಸ್ಥೆಯನ್ನು ನೀನು ಬಯಸಿದ್ದೀಯೆ. ಅದು ಮೃದುವಾಗಿ ಓಡುತ್ತದೆ ನಿಜ. ಆದರೂ 1300 ಕಿಲೋದ ಟ್ರೇಲರಿಗೆ ಉದ್ದನೆಯ ಕಮಾನು ಪಟ್ಟಿ, ಗಟ್ಟಿ ಆಕ್ಸಲ್ಲು, ಒಳ್ಳೆಯ ಶಾಕುಗಳು ಸಾಕು, ಅವನ್ನು ದಾರಿಯ ಸಣ್ಣ ಊರಿನಲ್ಲೂ ರಿಪೇರಿ ಮಾಡಿಕೊಳ್ಳಬಹುದು. ಟೈರಿನ ಗಾಳಿಯನ್ನು ಗಾಡಿಗೂ ಟ್ರೇಲರಿಗೂ ಒಟ್ಟಿಗೇ ಇಳಿಸಿ, ವೇಗವನ್ನೂ ಇಳಿಸಿ. ಡಾಂಬರಿನಲ್ಲಿ 40 ಪಿ.ಎಸ್.ಐ. ಇಟ್ಟಿದ್ದರೆ ಆ ಮಣ್ಣಿನಲ್ಲಿ 28ರ ಆಸುಪಾಸು ಸರಿಹೋಗುತ್ತದೆ. ಕೊಂಡಿಗೆ ಸಾಮಾನ್ಯ 50 ಮಿ.ಮೀ. ಗುಂಡಿನ ಬದಲು ಎಲ್ಲ ದಿಕ್ಕಿಗೂ ತಿರುಗುವ ಆಫ್‌ರೋಡ್ ಕೊಂಡಿಯನ್ನೇ ಹಾಕಿಸು. ಧೂಳಿಗೆ ಬಾಗಿಲುಗಳ ರಬ್ಬರು ಚೆನ್ನಾಗಿರಬೇಕು, ಮುಂಭಾಗದಲ್ಲಿ ಎತ್ತರದಿಂದ ಗಾಳಿ ಒಳತರುವ ಸಣ್ಣ ಕಿಂಡಿಯಿದ್ದರೆ ಒಳಗಿನ ಒತ್ತಡ ಧೂಳನ್ನು ಹೊರಗೇ ತಡೆಯುತ್ತದೆ.

ವಿದ್ಯುತ್ತಿಗೆ 100 ಆಂಪಿಯರ್-ಗಂಟೆಯ ಒಂದು ಲಿಥಿಯಂ ಬ್ಯಾಟರಿ, 200 ವಾಟಿನ ಸೋಲಾರ್ ಹಲಗೆ, ಒಂದೇ ಫ್ರಿಜ್ಜು ಸಾಕು. ನೀನು ತಂತಿಯ ದಪ್ಪವನ್ನು 6 ಮಿ.ಮೀ. ಎಂದು ಬರೆದಿರುವೆ. ಇಲ್ಲಿನ ಆಟೋ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಮಾರುವ ತಂತಿಯಲ್ಲಿ ತಾಮ್ರದ ಅಡ್ಡಕೊಯ್ತ ಕೇವಲ 4.6 ಚದರ ಮಿ.ಮೀ. ಇರುತ್ತದೆ. ಎಂಜಿನ್ನಿನಿಂದ ಟ್ರೇಲರಿನ ಚಾರ್ಜರಿಗೆ ಆರು ಮೀಟರ್ ದೂರ, 25 ಆಂಪಿಯರ್ ಎಂದಿಟ್ಟುಕೊಂಡರೆ ಹೋಗಿಬರುವ ದಾರಿಯಲ್ಲಿ ಒಂದು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ, 13.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 0.4 ವೋಲ್ಟಿಗೆ ಇಳಿಯುತ್ತದೆ. ತಾಮ್ರದ ತೂಕಕ್ಕೆ ನನ್ನ ತಕರಾರಿಲ್ಲ. ಎಲ್.ಪಿ.ಜಿ. ಗಾಳಿಗಿಂತ ಭಾರವಾದದ್ದು, ಸೋರಿದರೆ ತಳದಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ಹೊರಗೆ ಡ್ರಾಬಾರಿನ ಮೇಲೆಯೇ ಇಡಬೇಕು. ಮಲಗುವ ಜಾಗದಲ್ಲಿ ಎಂಥ ಚಳಿಯಿದ್ದರೂ ಒಲೆ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

2018ರ ರಸ್ತೆ ವಾಹನ ಮಾನದಂಡ ಕಾಯ್ದೆ 2021ರ ಜುಲೈ 1ರಿಂದ ಜಾರಿಗೆ ಬಂದಿರುವುದರಿಂದ ಹಳಬರು ಹೇಳುವ ನೋಂದಣಿಯ ಕ್ರಮವನ್ನು ನೆಚ್ಚಿಕೊಳ್ಳದೆ, ಕಬ್ಬಿಣ ಕತ್ತರಿಸುವ ಮೊದಲೇ ನೋಂದಣಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಕಟ್ಟಿ ಮುಗಿದ ಮೇಲೆ ನೀರು ಸಾಮಾನು ಎಲ್ಲವನ್ನೂ ತುಂಬಿ ವಾಹನಗಳನ್ನು ತೂಗುವ ವೇಬ್ರಿಡ್ಜಿಗೆ ಒಯ್ದು ಒಟ್ಟು ತೂಕ, ಚಕ್ರದ ಮೇಲಿನ ತೂಕ, ಕೊಂಡಿಯ ತೂಕ ಮೂರನ್ನೂ ಬರೆದಿಟ್ಟುಕೊಳ್ಳಿ. ಬಳಿಕ ಹತ್ತಿರದ ಮಣ್ಣುರಸ್ತೆಯಲ್ಲಿ ಎರಡು ದಿನ ಓಡಿಸಿ, ಕಮಾನು ಪಟ್ಟಿಯ ಯು-ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಮತ್ತೆ ಬಿಗಿಗೊಳಿಸಿ, ಹಬ್ಬುಗಳನ್ನು ಅಂಗೈಯಿಂದ ಮುಟ್ಟಿ ನೋಡಿ. ಒಂದು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಬೇರಿಂಗಿನ ಬಿಗಿತ ಸರಿಯಿಲ್ಲದಿರಬಹುದು. ಗ್ರೀಸು ತುಂಬಿದ ಬೇರಿಂಗಿನ ಸಮೇತ ಒಂದು ಪೂರ್ತಿ ಹಬ್ಬನ್ನು ಬಿಡಿಯಾಗಿ ಇಟ್ಟುಕೊಂಡೇ ಹೊರಡಿ.

ನಕ್ಷೆಯನ್ನು ತಿದ್ದಿ, ಪ್ರತಿ ಸಾಮಾನಿನ ಎದುರಿಗೂ ಅದರ ತೂಕವನ್ನೂ ಆಕ್ಸಲ್ಲಿನಿಂದ ಅದು ಎಷ್ಟು ದೂರವಿದೆಯೆಂಬುದನ್ನೂ ಬರೆದು ಕಳುಹಿಸು. ಕೊಂಡಿಯ ಭಾರವನ್ನು ನಾನೇ ಲೆಕ್ಕ ಹಾಕಿ ತಿಳಿಸುತ್ತೇನೆ. ಅಲ್ಲಿಯವರೆಗೆ ಉಕ್ಕಿಗೆ ಆರ್ಡರು ಕೊಡಬೇಡ. ಅಳಿಯಂದಿರಿಗೆ ನಮ್ಮ ಆಶೀರ್ವಾದಗಳನ್ನು ತಿಳಿಸು.

ಇಂತಿ ನಿನ್ನ
ದೊಡ್ಡಪ್ಪ