ಚಿತ್ರಕಲಾ ಕೋಣೆಯ ಬಣ್ಣ ಖರ್ಚಾಗಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಈ ದಿನಗಳಲ್ಲಿ ಪ್ರತಿ ಶಾಲೆಯಲ್ಲೂ ವೇಳಾಪಟ್ಟಿ ಸಿದ್ಧವಾಗುತ್ತದೆ, ಕೋಣೆಗಳ ಹಂಚಿಕೆಯಾಗುತ್ತದೆ, ಶಾಲಾ ಅನುದಾನದಲ್ಲಿ ಏನೇನು ಕೊಳ್ಳಬೇಕೆಂಬ ಚರ್ಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಡೆಯುತ್ತದೆ. ಈ ಮೂರು ಕಡೆಯಲ್ಲೂ ಒಂದರಿಂದ ಐದನೆಯ ತರಗತಿಯ ಮಕ್ಕಳ ಚಿತ್ರಕಲೆ ಕೊನೆಯ ಸಾಲಿಗೆ ಬೀಳುತ್ತಿದೆ. ಗದಗ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ಖಾಲಿ ಬಿದ್ದಿದ್ದ ಕೋಣೆಯನ್ನು ಚಿತ್ರಕಲಾ ಕೋಣೆಯನ್ನಾಗಿ ಮಾಡಿಕೊಂಡು ನಡೆಸುತ್ತಿರುವ ಶಿಕ್ಷಕಿಯಾಗಿ, ಆ ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ಸಹೋದ್ಯೋಗಿಗಳ, ಪಾಲಕರ ಮತ್ತು ಇಲಾಖೆಯ ಅಧಿಕಾರಿಗಳ ಗಮನಕ್ಕೆ ತರಬಯಸುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಒಂದರಿಂದ ಐದರವರೆಗಿನ ಮಕ್ಕಳಿಗೆ ಅಂಥ ವ್ಯವಸ್ಥೆಯನ್ನು ಕಾಯ್ದೆ ಹೇಳಿಲ್ಲ; ಕಟ್ಟಡದ ಭಾಗದಲ್ಲೂ ಪ್ರತಿ ಶಿಕ್ಷಕರಿಗೆ ಒಂದು ತರಗತಿ ಕೋಣೆ, ಆಟದ ಮೈದಾನ, ಅಡುಗೆ ಕೋಣೆ ಮುಂತಾದವು ಇವೆಯೇ ಹೊರತು ಚಿತ್ರಕಲೆಗೆಂದು ಸ್ಥಳವಿಲ್ಲ. ಹೀಗಾಗಿ ಸಣ್ಣ ಮಕ್ಕಳಿಗೆ ಚಿತ್ರ ಕಲಿಸುವ ಹೊಣೆ ತರಗತಿಯ ಶಿಕ್ಷಕರ ಮೇಲೆಯೇ ಬೀಳುತ್ತದೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಆರೇಳು ವರ್ಷದ ಮಗುವಿಗೆ ಬೇಕಾಗಿರುವುದು ಚೆನ್ನಾಗಿ ಚಿತ್ರ ಬರೆಯಬಲ್ಲ ಶಿಕ್ಷಕರಿಗಿಂತ ಹೆಚ್ಚಾಗಿ, ವಾರಕ್ಕೊಮ್ಮೆ ತಪ್ಪದೆ ಸಿಗುವ ಸಮಯ, ಕೈಗೆಟಕುವ ಸಾಮಗ್ರಿ ಮತ್ತು ಗಲೀಜಾದರೂ ಬೈಸಿಕೊಳ್ಳದ ಒಂದು ಜಾಗ.

ಈ ಜಾಗ ಏಕೆ ಇಲ್ಲವೆಂದು ವಿಚಾರಿಸಿದರೆ ಮೊದಲು ಬರುವ ಉತ್ತರ ಹಣವಿಲ್ಲವೆಂಬುದು. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿವರೆಗೆ ಸಂಯುಕ್ತ ಶಾಲಾ ಅನುದಾನವಿದ್ದು, ಅದರಲ್ಲೇ ವಿದ್ಯುತ್ ಬಿಲ್ಲು, ಸ್ವಚ್ಛತೆ, ದುರಸ್ತಿ, ಬೋಧನಾ ಸಾಮಗ್ರಿ ಎಲ್ಲವೂ ಆಗಬೇಕೆಂಬುದು ನಿಜವಾದ ಕಷ್ಟವೇ. ಆದರೆ ಅದಕ್ಕಿಂತ ದೊಡ್ಡ ತೊಡಕೊಂದಿದೆ. ಕೊಂಡು ತಂದ ಅಥವಾ ದಾನಿಗಳು ಕೊಟ್ಟ ಬಣ್ಣದ ಪೆಟ್ಟಿಗೆಗಳನ್ನು ದಾಸ್ತಾನು ವಹಿಯಲ್ಲಿ ಬರೆದು ಅಲಮಾರಿಯಲ್ಲಿಟ್ಟು ಬೀಗ ಹಾಕಲಾಗುತ್ತದೆ. ತನಿಖೆಗೆ ಬಂದವರು ಕೇಳಿದರೆ ತೋರಿಸಬೇಕಲ್ಲ ಎಂಬ ಅಂಜಿಕೆಯಿಂದ ಅವು ಹೊರಗೆ ಬರುವುದೇ ಇಲ್ಲ. ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಪೋಸ್ಟರ್ ಕಲರ್ ಬಾಟಲಿಯೊಳಗೇ ಗಟ್ಟಿಯಾಗಿರುತ್ತದೆ, ಹಾಳೆಗೆ ಗೆದ್ದಲು ಹತ್ತಿರುತ್ತದೆ. ಬಣ್ಣವೆಂಬುದು ಸೀಮೆಸುಣ್ಣದ ಹಾಗೆ ಖರ್ಚಾಗಲೆಂದೇ ಇರುವ ವಸ್ತು. ವರ್ಷದ ಕೊನೆಗೆ ಬಾಟಲಿ ತುಂಬಿದ್ದರೆ ಪಾಠ ನಡೆದಿಲ್ಲವೆಂದೂ ಖಾಲಿಯಾಗಿದ್ದರೆ ನಡೆದಿದೆಯೆಂದೂ ಅಧಿಕಾರಿಗಳು ತಿಳಿಯಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಚಿತ್ರಕಲಾ ಸಾಮಗ್ರಿಗಳನ್ನು ಬಳಸಿ ಮುಗಿಸುವ ವಸ್ತುಗಳೆಂದು ಸ್ಪಷ್ಟವಾಗಿ ಒಂದು ಸುತ್ತೋಲೆ ಹೊರಡಿಸಿದರೆ, ಎಷ್ಟೋ ಮುಖ್ಯೋಪಾಧ್ಯಾಯರ ಭಯ ದೂರವಾಗುತ್ತದೆ. ಈ ಪತ್ರದ ಮುಖ್ಯ ವಿನಂತಿ ಇದೇ.

ಇನ್ನು ಕೋಣೆಯ ವಿಷಯ. ಮಕ್ಕಳ ಸಂಖ್ಯೆ ಇಳಿದ ಅನೇಕ ಹಳ್ಳಿ ಶಾಲೆಗಳಲ್ಲಿ ಒಂದಾದರೂ ಕೋಣೆ ಖಾಲಿ ಇರುತ್ತದೆ ಅಥವಾ ಮುರಿದ ಬೆಂಚುಗಳಿಂದ ತುಂಬಿರುತ್ತದೆ. ಆಯ್ಕೆಯಿದ್ದರೆ ಉತ್ತರಕ್ಕೆ ಕಿಟಕಿಯಿರುವ ಕೋಣೆಯನ್ನು ಆರಿಸಿಕೊಳ್ಳಬೇಕು. ವರ್ಷದ ಹೆಚ್ಚಿನ ಕಾಲ ದಿನವಿಡೀ ಒಂದೇ ಸಮನೆ ಬೆಳಕು ಬರುತ್ತದೆ, ನೇರ ಬಿಸಿಲು ಹಾಳೆಯ ಮೇಲೆ ಬಿದ್ದು ಕಣ್ಣು ಕುಕ್ಕುವುದಿಲ್ಲ. ನೀರಿನ ನಲ್ಲಿ ಹತ್ತಿರವಿರುವುದು ಅದಕ್ಕಿಂತಲೂ ಮುಖ್ಯ. ನಮ್ಮ ಕಡೆಯ ಹಳೆಯ ಶಾಲೆಗಳಲ್ಲಿರುವ ಶಹಾಬಾದ ಫರಸಿ ಕಲ್ಲಿನ ನೆಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದ್ದು, ತೊಳೆದರೆ ಸ್ವಚ್ಛವಾಗುತ್ತದೆ. ಮೇಜು ಕುರ್ಚಿಗಾಗಿ ಕಾಯಬೇಕಾಗಿಲ್ಲ. ಮಕ್ಕಳು ನೆಲದ ಮೇಲೆ ಜಮಖಾನ ಹಾಸದೆ, ಒರೆಸಲು ಬರುವ ಪ್ಲಾಸ್ಟಿಕ್ ಚಾಪೆಯ ಮೇಲೆ ಕುಳಿತು, ಹಾಳೆಯ ಕೆಳಗೆ ಒಂದು ರಟ್ಟು ಇಟ್ಟುಕೊಂಡು ಆರಾಮವಾಗಿ ಬರೆಯುತ್ತಾರೆ. ಗೋಡೆಯಿಂದ ಗೋಡೆಗೆ ಎರಡು ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪುಗಳನ್ನು ಹಾಕಿದರೆ ಹಸಿ ಚಿತ್ರ ಒಣಗಿಸಲು ಬೇರೆ ಜಾಗ ಬೇಕಿಲ್ಲ. ಕಪಾಟುಗಳು ಮಗುವಿನ ಎದೆಯೆತ್ತರದಲ್ಲಿರಲಿ, ಬಾಗಿಲಿಲ್ಲದಿರಲಿ. ಯಾವ ಡಬ್ಬಿ ಎಲ್ಲಿರಬೇಕೆಂಬುದನ್ನು ಬರಹದಿಂದಲ್ಲದೆ ಚಿತ್ರದಿಂದ ತೋರಿಸಿದರೆ ಒಂದನೆಯ ತರಗತಿಯ ಮಗು ಕೂಡ ತಂದದ್ದನ್ನು ಅಲ್ಲಿಯೇ ಇಡುತ್ತದೆ. ಕತ್ತರಿಗಳನ್ನು ಮಾತ್ರ ತುದಿ ದುಂಡಗಿರುವುದನ್ನೇ ತಂದು, ಗೋಡೆಯ ಹಲಗೆಯ ಮೇಲೆ ಒಂದೊಂದರ ಆಕಾರವನ್ನೂ ಬರೆದು ಅದರ ಮೇಲೆ ಮೊಳೆಗೆ ತೂಗುಹಾಕಬೇಕು. ಒಂದು ಕಾಣೆಯಾದರೆ ಖಾಲಿ ಆಕಾರವೇ ಹೇಳುತ್ತದೆ.

ಸಾಮಗ್ರಿಯಲ್ಲಿ ಬಣ್ಣ ಐದು ಸಾಕು: ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು. ಹನ್ನೆರಡು ಬಣ್ಣದ ಪೆಟ್ಟಿಗೆ ಕೊಟ್ಟ ಮಗು ಹಸಿರನ್ನು ಪೆಟ್ಟಿಗೆಯಿಂದ ತೆಗೆಯುತ್ತದೆ; ಐದು ಬಣ್ಣ ಕೊಟ್ಟ ಮಗು ಹಳದಿಗೆ ನೀಲಿ ಬೆರೆಸಿ ಹೆಸರುಕಾಳಿನ ಹೊಲದ ಹಸಿರನ್ನೂ ಬೇವಿನ ಎಲೆಯ ಹಸಿರನ್ನೂ ಬೇರೆ ಬೇರೆಯಾಗಿ ಹುಡುಕುತ್ತದೆ. ಕುಂಚಗಳು 6 ಮತ್ತು 10ನೆಯ ನಂಬರಿನ ದುಂಡು ಕುಂಚಗಳಾಗಿದ್ದರೆ ಸಣ್ಣ ಕೈಗಳಿಗೆ ಅನುಕೂಲ. ಬೆರಳು ಬಿಗಿಯಾಗಿ ಹಿಡಿಯಲಾಗದ ಮಗುವಿಗೆ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಬೇಕು. ಆಯಿಲ್ ಪೇಂಟು, ಥಿನ್ನರ್, ಓಕುಳಿಯ ಬಣ್ಣ ಈ ಕೋಣೆಗೆ ಬರಲೇಬಾರದು. ರಂಗೋಲಿ ಪುಡಿಯ ದೂಳೂ ಪುಪ್ಪುಸಕ್ಕೆ ಒಳ್ಳೆಯದಲ್ಲವಾದ್ದರಿಂದ ಅದನ್ನು ಅಂಗಳದಲ್ಲಿ ಹಾಕಿಸುವುದೇ ಸರಿ.

ಹಾಳೆಗಾಗಿ ನಮ್ಮ ಜಿಲ್ಲೆಯವರು ಚಿಂತಿಸಬೇಕಾಗಿಲ್ಲ. ಮುದ್ರಣಕಾಶಿ ಎಂದು ಹೆಸರಾದ ಗದಗಿನಲ್ಲಿ ಮುದ್ರಣಾಲಯಗಳಿಂದ ಹೊರಬೀಳುವ ಕತ್ತರಿಸಿದ ತುಂಡುಗಳು, ಒಂದು ಬದಿ ಮಾತ್ರ ಅಚ್ಚಾಗಿ ತಿರಸ್ಕೃತವಾದ ಹಾಳೆಗಳು, ಉಳಿದ ಲಗ್ನಪತ್ರಿಕೆಗಳು, ದಪ್ಪ ರಟ್ಟು ಇವೆಲ್ಲ ರದ್ದಿಗೆ ಹೋಗುವ ಮೊದಲು ಶಾಲೆಗೆ ಬರಬಹುದು. ಹುಬ್ಬಳ್ಳಿಯಲ್ಲಿ ಅಚ್ಚಾಗುವ ದಿನಪತ್ರಿಕೆಗಳ ಮುದ್ರಣಾಲಯಗಳಲ್ಲಿ ರೀಲಿನ ಕೊನೆಗೆ ಉಳಿಯುವ ಕಾಗದವೂ ಅಷ್ಟೇ ಉಪಯುಕ್ತ. ನೆಲದುದ್ದಕ್ಕೂ ಹಾಸಿದರೆ ಇಡೀ ತರಗತಿ ಸೇರಿ ಒಂದೇ ಚಿತ್ರ ಬರೆಯಬಹುದು. ತಮ್ಮ ಪತ್ರಿಕೆಯೂ ಈ ವಿಷಯದಲ್ಲಿ ಹತ್ತಿರದ ಶಾಲೆಗಳಿಗೆ ಕೈಜೋಡಿಸಬಹುದೆಂದು ವಿನಮ್ರವಾಗಿ ಸೂಚಿಸುತ್ತೇನೆ.

ಮಣ್ಣಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ನಮ್ಮ ಭಾಗದ ಮಕ್ಕಳು ಶಾಲೆಗೆ ಬರುವ ಮೊದಲೇ ಮಣ್ಣಿನ ಕೆಲಸ ಬಲ್ಲವರು. ಶಾಲೆ ತೆರೆದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಅದರ ಬೆನ್ನಿಗೇ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವ ಬರುತ್ತಾಳೆ. ಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತು ಎತ್ತಿಗೆ ಕೋಡು, ಹಿಣಿಲು, ಬಾಲ ಕೂಡಿಸಿದ ಮಗುವಿಗೆ ಶಾಲೆಯಲ್ಲಿ ಅದೇ ಮಣ್ಣು ಸಿಗದಿರುವುದು ಅನ್ಯಾಯ. ಬರಿಯ ಎರೆಮಣ್ಣು ಒಣಗುವಾಗ ಕುಗ್ಗಿ ಬಿರಿಯುವುದರಿಂದ, ಕಲ್ಲು ಕಸ ಆರಿಸಿ, ನೆನೆಹಾಕಿ, ಸೋಸಿದ ಮರಳನ್ನು ಸ್ವಲ್ಪ ಬೆರೆಸಿ ಹದ ಮಾಡಿಕೊಳ್ಳಬೇಕು. ಊರಲ್ಲಿ ಕುಂಬಾರರ ಮನೆಯಿದ್ದರೆ ಈ ಹದವನ್ನು ಅವರಿಂದಲೇ ಕಲಿಯುವುದು ಉತ್ತಮ. ಹದವಾದ ಮಣ್ಣನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟರೆ ವಾರಗಟ್ಟಲೆ ಮೆತ್ತಗಿರುತ್ತದೆ. ಒಣಗಿ ಮುರಿದ ಬೊಂಬೆಗಳನ್ನು ಮತ್ತೆ ನೆನೆಹಾಕಬಹುದು. ಕೈ ತೊಳೆದ ನೀರನ್ನು ಮಾತ್ರ ನೇರವಾಗಿ ಮೋರಿಗೆ ಬಿಡಬಾರದು. ಬಕೀಟಿನಲ್ಲಿ ನಿಲ್ಲಿಸಿ, ತಿಳಿನೀರನ್ನು ಗಿಡಕ್ಕೆ ಸುರಿದು, ತಳದ ಮಣ್ಣನ್ನು ಡ್ರಮ್ಮಿಗೆ ಸೇರಿಸಬೇಕು. ಇಲ್ಲವಾದರೆ ಮೋರಿ ಕಟ್ಟಿಕೊಂಡು, ಆ ನೆಪದಲ್ಲಿಯೇ ಮಣ್ಣಿನ ಕೆಲಸ ನಿಂತುಹೋಗುತ್ತದೆ.

ಕೋಣೆ ನಡೆಸುವುದು ಎಂದರೆ ಬಹುಪಾಲು ಸಮಯ ನಡೆಸುವುದು. 40 ನಿಮಿಷದ ಒಂದು ಅವಧಿಯಲ್ಲಿ ಹಂಚುವುದು, ಬರೆಯುವುದು, ತೊಳೆಯುವುದು ಮೂರೂ ಆಗುವುದಿಲ್ಲ. ಆದ್ದರಿಂದ ವಾರಕ್ಕೆ ಎರಡು ಬಿಡಿ ಅವಧಿಗಳ ಬದಲು ಎರಡನ್ನೂ ಕೂಡಿಸಿ ಒಂದೇ ದಿನ ಕೊಡಬೇಕು. ಆರು ಮಕ್ಕಳಿಗೆ ಒಂದು ಗುಂಪು, ಗುಂಪಿಗೆ ಒಂದು ಟ್ರೇ, ಟ್ರೇಯಲ್ಲಿ ಬುಡ ಅಗಲವಾದ ನೀರಿನ ಬೋಗುಣಿ, ಬಾಟಲಿಯ ಮುಚ್ಚಳಗಳಲ್ಲಿ ಸ್ವಲ್ಪ ಸ್ವಲ್ಪವೇ ಬಣ್ಣ, ಒರೆಸಲು ಹಳೆ ಬಟ್ಟೆ. ಟ್ರೇ ತರುವ, ಮರಳಿ ಇಡುವ ಕೆಲಸ ಪ್ರತಿ ವಾರ ಬೇರೆ ಮಗುವಿನದು. ಕೊನೆಯ 15 ನಿಮಿಷ ತೊಳೆಯುವುದಕ್ಕೇ ಮೀಸಲು, ಅದು ಪಾಠದ ಭಾಗವೇ ಹೊರತು ಪಾಠ ಮುಗಿದ ಮೇಲಿನ ಚಾಕರಿಯಲ್ಲ. ಕಸ ಗುಡಿಸುವುದು ಹುಡುಗಿಯರ ಪಾಲಿಗೆ, ಬಣ್ಣ ಹಂಚುವುದು ಹುಡುಗರ ಪಾಲಿಗೆ ಹೋಗದಂತೆ ಶಿಕ್ಷಕರು ಎಚ್ಚರ ವಹಿಸಬೇಕು. ಕುಂಚವನ್ನು ನೀರಿನಲ್ಲಿ ನಿಲ್ಲಿಸಿ ಬಿಟ್ಟರೆ ತುದಿ ಬಾಗಿ ಕೆಡುತ್ತದೆ. ತೊಳೆದು, ತುದಿ ಕೂಡಿಸಿ, ಅಡ್ಡಡ್ಡ ಮಲಗಿಸಿ ಒಣಗಿಸುವುದನ್ನು ಮೊದಲ ದಿನವೇ ಕಲಿಸಿದರೆ ವರ್ಷವಿಡೀ ಅದೇ ಕುಂಚ ಬಾಳುತ್ತದೆ. ಅಪ್ಪನ ಹಳೆಯ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿದರೆ ಸಮವಸ್ತ್ರಕ್ಕೆ ಬಣ್ಣವಾಯಿತೆಂಬ ಪಾಲಕರ ದೂರು ಬರುವುದಿಲ್ಲ.

ಏನು ಬರೆಸಬೇಕೆಂಬ ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ದಂಡೆಯಲ್ಲಿ ತೆಂಗಿನ ಮರ ಎಂಬ ಚಿತ್ರವನ್ನು ಹಲಗೆಯ ಮೇಲೆ ಬರೆದು ನಕಲು ಮಾಡಿಸುವ ಪದ್ಧತಿ ನಿಲ್ಲಬೇಕು. ನಮ್ಮ ಮಗು ನೋಡಿರುವುದು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು, ಹತ್ತಿ ಬಿಡಿಸುವ ಅವ್ವನನ್ನು, ಮೆಣಸಿನಕಾಯಿ ಒಣಹಾಕಿದ ಕೆಂಪು ಕಣವನ್ನು. ಏಳೆಂಟು ವರ್ಷದ ಮಗು ಹಾಳೆಯ ಕೆಳಗೊಂದು ನೆಲದ ಗೆರೆ ಎಳೆದು ಎಲ್ಲವನ್ನೂ ಅದರ ಮೇಲೆ ನಿಲ್ಲಿಸುತ್ತದೆ, ಆಕಾಶವನ್ನು ಮೇಲಂಚಿನ ನೀಲಿ ಪಟ್ಟಿಯಾಗಿ ಬರೆಯುತ್ತದೆ, ತನಗೆ ಮುಖ್ಯವಾದವರನ್ನು ಮನೆಗಿಂತ ದೊಡ್ಡದಾಗಿ ಬರೆಯುತ್ತದೆ. ಅದು ಆ ವಯಸ್ಸಿನ ಸಹಜ ಹಂತ. ತಿದ್ದಿ ಸರಿಪಡಿಸಬೇಕಾದ ತಪ್ಪಲ್ಲ. ನಾಲ್ಕು ಐದನೆಯ ತರಗತಿಗೆ ಬಂದಾಗ ಮಕ್ಕಳೇ ನಿಜದಂತೆ ಬರೆಯಲು ಹಂಬಲಿಸುತ್ತಾರೆ, ಆಗದಿದ್ದರೆ ನಿರಾಶರಾಗುತ್ತಾರೆ. ಆಗ ಧಾರವಾಡದ ಕಸೂತಿ ಬಹಳ ಸಹಾಯಕ್ಕೆ ಬರುತ್ತದೆ. ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಗಳ ಗೋಪುರ, ತೇರು, ನವಿಲುಗಳನ್ನು ಗಣಿತದ ಚೌಕುಳಿ ಹಾಳೆಯ ಮೇಲೆ ಬರೆಯುವ ಮಗುವಿಗೆ ಕೈ ನಡುಗುವ ಭಯವಿರುವುದಿಲ್ಲ. ಲಕ್ಕುಂಡಿಯ ಗುಡಿಗಳಿಗೂ ಶಿಗ್ಗಾವಿ ಬಳಿಯ ಗೋಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೂ ಪ್ರವಾಸ ಹೋಗುವ ಶಾಲೆಗಳು, ಮಕ್ಕಳ ಕೈಯಲ್ಲಿ ಪೆನ್ಸಿಲು ಹಾಳೆ ಕೊಟ್ಟು ಅರ್ಧ ಗಂಟೆ ಒಂದೇ ಶಿಲ್ಪದ ಮುಂದೆ ಕೂರಿಸಲಿ. ಎಲೆ, ನಾಣ್ಯಗಳ ಮೇಲೆ ಹಾಳೆಯಿಟ್ಟು ಬಣ್ಣದ ಕಡ್ಡಿ ತಿಕ್ಕಿ ಅಚ್ಚು ತೆಗೆಯಿಸಬಹುದು, ಆದರೆ ಗುಡಿಯ ಕೆತ್ತನೆಗಳ ಮೇಲೆ ಹಾಗೆ ಮಾಡಿಸಲೇಬಾರದು.

ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ಬಂದಾಗ ಒಬ್ಬಿಬ್ಬರನ್ನು ಆರಿಸಿ ಒಂದೇ ಚಿತ್ರ ಬಾಯಿಪಾಠ ಮಾಡಿಸುವ ಅಭ್ಯಾಸದಿಂದ ಉಳಿದ ಮಕ್ಕಳು ತಮಗೆ ಚಿತ್ರ ಬರುವುದಿಲ್ಲವೆಂದು ಹತ್ತನೆಯ ವಯಸ್ಸಿಗೇ ತೀರ್ಮಾನಿಸುತ್ತಾರೆ. ಹಗ್ಗದ ಮೇಲೆ ಎಲ್ಲ ಮಕ್ಕಳ ಚಿತ್ರವೂ ಸರದಿಯಂತೆ ತೂಗಲಿ.

ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಕಟ್ಟಿದ ಚಿತ್ರಕಲಾ ಶಾಲೆಗಳ ಪರಂಪರೆ ನಮ್ಮ ಬಳಿಯೇ ಇದೆ. ಅಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ, ಬ್ಯಾಗ್ ಇಲ್ಲದ ದಿನ, ಹತ್ತಿರದ ಪ್ರಾಥಮಿಕ ಶಾಲೆಗೆ ಬಂದು ಮಕ್ಕಳ ಜೊತೆ ಕೆಲಸ ಮಾಡುವಂತೆ ಜಿಲ್ಲಾ ಉಪನಿರ್ದೇಶಕರು ಏರ್ಪಾಡು ಮಾಡಿದರೆ ಎರಡೂ ಕಡೆಯವರಿಗೆ ಕಲಿಕೆಯಾಗುತ್ತದೆ. ಎಸ್‌ಡಿಎಂಸಿ ಸದಸ್ಯರು ಜೂನ್ ತಿಂಗಳ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕೆಂದು ಕೋರುತ್ತೇನೆ: ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ಯಾವ ದಿನ, ಎಷ್ಟು ಹೊತ್ತು ಇದೆ? ಕಳೆದ ವರ್ಷದ ಬಣ್ಣಗಳಲ್ಲಿ ಎಷ್ಟು ಖರ್ಚಾಗಿದೆ?

ಇತಿ,
ಪ್ರಾಥಮಿಕ ಶಾಲಾ ಶಿಕ್ಷಕಿ, ಗದಗ ತಾಲ್ಲೂಕು