ಜೈಜಿಕ್ಸ್ ಒರತೆಯ ಪರವಾಗಿ ಒಂದು ಬಹಿರಂಗ ಪತ್ರ

ಮಾನ್ಯ ಅಮೆರಿಕ ಕಾಂಗ್ರೆಸ್ (ಸಂಸತ್ತಿನ) ಸದಸ್ಯರಿಗೆ,

ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಮತದಾರ. ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಹೋಗಿದೆ. ಈ ಕನ್ನಡದ ಪ್ರತಿ ನಮ್ಮವರಿಗೆ. ಲಾಸ್ ವೇಗಸ್‌ಗೆ ಹೋಗುವಾಗ ಮೊಹಾವೆ ಮರುಭೂಮಿಯಲ್ಲಿ ಬೇಕರ್ ಊರಿಗೆ ಸ್ವಲ್ಪ ಮುಂಚೆ ‘ಜೈಜಿಕ್ಸ್ (Zzyzx) ರೋಡ್’ ಬೋರ್ಡ್ ನೋಡಿ, ನಕ್ಕು, ಹಾಗೇ ಮುಂದೆ ಹೋಗುವವರಲ್ಲಿ ನಾವೂ ಇದ್ದೇವಲ್ಲ!

ಆ ಹೆಸರಿಟ್ಟವನು ಕರ್ಟಿಸ್ ಸ್ಪ್ರಿಂಗರ್. ಇಂಗ್ಲಿಷಿನ ಕಟ್ಟಕಡೆಯ ಪದ ತನ್ನ ಊರಿನದಾಗಲಿ ಅನ್ನೋ ಆಸೆ. (ಕನ್ನಡದಲ್ಲಾಗಿದ್ದರೆ ‘ಳ’ದಿಂದ ಶುರುವಾಗುವ ಪದ ಹುಡುಕಿ ಸುಸ್ತಾಗಿರುತ್ತಿದ್ದ, ಪಾಪ.) ರೇಡಿಯೊದಲ್ಲಿ ಧರ್ಮಬೋಧೆ ಮಾಡುತ್ತಿದ್ದ, ಡಾಕ್ಟರ್ ಅಲ್ಲದಿದ್ದರೂ ಡಾಕ್ಟರ್ ಅಂತ ಹೇಳಿಕೊಳ್ಳುತ್ತಿದ್ದ. 1944ರಲ್ಲಿ ಗಣಿ ಹಕ್ಕಿನ ನೆಪದಲ್ಲಿ 12,800 ಎಕರೆ ಸರ್ಕಾರಿ ಜಾಗದಲ್ಲಿ ಕೂತ. ಲಾಸ್ ಏಂಜಲೀಸ್‌ನ ಬೀದಿಬದಿಯ ನಿರ್ಗತಿಕರನ್ನು ಕರೆತಂದು ಹೋಟೆಲ್, ಚರ್ಚ್, ಸ್ನಾನದ ಮನೆ ಎಲ್ಲ ಕಟ್ಟಿಸಿದ. ಬಿಸಿನೀರಿನ ಬುಗ್ಗೆ ಅಂತ ಜನ ಬಂದರು. ನೀರು ಬಿಸಿಯಾಗುತ್ತಿದ್ದದ್ದು ಮಾತ್ರ ಬಾಯ್ಲರ್‌ನಲ್ಲಿ! 1974ರಲ್ಲಿ ಸರ್ಕಾರ ಅವನನ್ನು ಎಬ್ಬಿಸಿತು.

ಎಲ್ಲರೂ ಹೇಳೋದು ಈ ಕತೆ ಮಾತ್ರ. ಆದರೆ ಅದು ಮೂವತ್ತು ವರ್ಷದ್ದು. ಅದಕ್ಕೂ ಮುಂಚೆ ಊರಿನ ಹೆಸರು ಸೋಡಾ ಸ್ಪ್ರಿಂಗ್ಸ್. ಇಲ್ಲಿನ ಮೂಲನಿವಾಸಿಗಳಾದ ಮೊಹಾವೆ, ಚೆಮೆಹ್ಯುವಿ ಜನ ಕಡಲತೀರಕ್ಕೆ ಹೋಗುವ ದಾರಿಯಲ್ಲಿ ಇಲ್ಲೇ ನೀರು ಕುಡಿಯುತ್ತಿದ್ದರು. 1860ರಲ್ಲಿ ಸೈನ್ಯದ ಠಾಣೆ ಬಂತು, ಆಮೇಲೆ ರೈಲು. ಯಾರೂ ಉಳಿಯಲಿಲ್ಲ, ಒರತೆ ಉಳಿಯಿತು.

ನಾನು ಹೋದಾಗ ಒಣಗಿದ ಕೆರೆಯಂಗಳದ ಬಿಳಿ ಉಪ್ಪು ಕಾಲಡಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಪಕ್ಕದಲ್ಲೇ ಸ್ಪ್ರಿಂಗರ್ ತೋಡಿಸಿದ ಕೊಳ, ಸುತ್ತ ತಾಳೆ ಜಾತಿಯ ಮರಗಳು. ಅದರಲ್ಲಿ ಬೆರಳುದ್ದದ ಮೀನುಗಳು. ಮೊಹಾವೆ ಟುಯಿ ಚಬ್ ಅಂತ ಹೆಸರು. 1930ರ ದಶಕದಲ್ಲಿ ಮೊಹಾವೆ ನದಿಗೆ ಹೊರಗಿನ ಮೀನು ಬಿಟ್ಟ ಮೇಲೆ ಅಲ್ಲಿಂದ ಇವು ಅಳಿದುಹೋದವು. ಬದುಕುಳಿದದ್ದು ಇಲ್ಲಿನ ಒಂದು ಪುಟ್ಟ ಒರತೆಯಲ್ಲಿ. ಆ ಕಳ್ಳ ವೈದ್ಯ ತೋಡಿಸಿದ ಕೊಳವೂ ಈಗ ಅವಕ್ಕೆ ಆಸರೆ. ಅವನು ಮಾಡಿದ್ದರಲ್ಲಿ ನಿಜವಾಗಿ ಗುಣ ಕಂಡದ್ದು ಇದೊಂದೇ ಇರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಹೆದ್ದಾರಿಯ ಬದಿಯ ಸೋಡಾ ಬೆಟ್ಟಗಳ ನಡುವೆ ಸೌರ ವಿದ್ಯುತ್ ಯೋಜನೆ ಮಾಡಬೇಕು ಅನ್ನೋದು ಹಳೆಯ ಪ್ರಸ್ತಾಪ. 2016ರಲ್ಲಿ ಕೌಂಟಿ (ಜಿಲ್ಲಾ) ಮಂಡಳಿ ಬೇಡ ಅಂದಿತ್ತು. ಆಮೇಲೆ ರಾಜ್ಯದ ಇಂಧನ ಆಯೋಗದ ಮುಂದೆ ಮತ್ತೆ ಬಂತು. ನನಗೆ ಸೌರ ವಿದ್ಯುತ್ ಮೇಲೆ ಕೋಪವಿಲ್ಲ, ನಮ್ಮ ಮನೆ ಮಾಡಿನ ಮೇಲೂ ಇದೆ. ಆದರೆ ಯೋಜನೆಗೆ ಬೋರ್‌ವೆಲ್‌ನಿಂದ ನೀರೆತ್ತಿದರೆ ಒರತೆ ಬತ್ತೀತು ಅನ್ನೋದೇ ನನ್ನ ಭಯ. ಜಾಗ ಕೇಂದ್ರ ಸರ್ಕಾರದ್ದು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಬೋರ್‌ವೆಲ್ ಕೊರೆಯುವ ಮೊದಲು ಒರತೆಯ ನೀರಿನ ಮಟ್ಟ ಅಳೆಯಲಿ. ಅಳೆಯುವವರು ಕಂಪನಿಯವರಾಗಿರಬಾರದು. ಲೆಕ್ಕವನ್ನು ಜನರ ಮುಂದಿಡಲಿ. ಮಟ್ಟ ಇಳಿದರೆ ಪಂಪ್ ಆಫ್ ಮಾಡಬೇಕು ಅಂತ ಪರವಾನಗಿಯಲ್ಲೇ ಬರೆಯಲಿ.

ಒಂದು ಸಲ ನೀವೇ ಬಂದು ನೋಡಿ. ಬರುವಾಗ ಕುಡಿಯೋಕೆ ನೀರು ತನ್ನಿ, ಅಲ್ಲಿ ಅಂಗಡಿ ಇಲ್ಲ.

ಇಂತಿ,
ನಿಮ್ಮ ಮತದಾರ