ಸ್ಟ್ರೀಡಾ ತೀರದಲ್ಲಿ ಬದುಕುಳಿದವರನ್ನು ಹುಡುಕುತ್ತ

ಸ್ಲೈಗೋ, ಐರ್ಲೆಂಡ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವಿಗೆ ಹೊಸ ಔಷಧಿ ಹಿಡಿಸಿತೇ? ತಪ್ಪದೆ ಬರೆಯಿರಿ.

ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋದ ಸ್ಪೇನಿನ ಮಹಾ ನೌಕಾಪಡೆಯ ಪಾಠವನ್ನು ನೀವು ಇಂಗ್ಲಿಷ್ ಕಾಲುವೆಯ ಕದನಕ್ಕೇ ಮುಗಿಸುತ್ತಿದ್ದಿರಿ. ಪಠ್ಯದಲ್ಲಿ ಇದ್ದದ್ದೂ ಅಷ್ಟೇ. ಅದರ ಮುಂದಿನ ಕಥೆ ನಾನಿರುವ ಊರಿನ ಹತ್ತಿರವೇ ನಡೆದದ್ದು. ಸೋತ ಹಡಗುಗಳು ಸ್ಕಾಟ್ಲೆಂಡನ್ನು ಬಳಸಿಕೊಂಡು ಸ್ಪೇನಿಗೆ ಮರಳುವಾಗ ಬಿರುಗಾಳಿಗೆ ಸಿಕ್ಕವು. 1588ರ ಸೆಪ್ಟೆಂಬರಿನಲ್ಲಿ ಲಾ ಲಾವಿಯಾ, ಲಾ ಹುಲಿಯಾನಾ, ಸಾಂತಾ ಮರಿಯಾ ದೆ ವಿಸೋನ್ ಎಂಬ ಮೂರು ಹಡಗುಗಳು ಸ್ಟ್ರೀಡಾ ತೀರಕ್ಕೆ ಬಡಿದು ಒಂದೇ ಗಂಟೆಯಲ್ಲಿ ನುಚ್ಚುನೂರಾದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಬದುಕಿದ ಕೆಲವರು ಎಲ್ಲಿ ನಡೆದರು, ಎಲ್ಲಿ ಅಡಗಿದರು ಎಂದು ರಜೆ ಸಿಕ್ಕಾಗಲೆಲ್ಲ ಹುಡುಕಿಕೊಂಡು ಹೋಗುತ್ತಿದ್ದೇನೆ.

ದಾರಿ ತೋರಿಸುವವನು ಅವರಲ್ಲೇ ಒಬ್ಬ, ಕ್ಯಾಪ್ಟನ್ ಫ್ರಾನ್ಸಿಸ್ಕೋ ದೆ ಕ್ವೆಯಾರ್. ಹೇಗೋ ಪಾರಾಗಿ, 1589ರ ಅಕ್ಟೋಬರ್ 4ರಂದು ಆಂಟ್‌ವರ್ಪ್‌ನಿಂದ ಅವನು ಬರೆದ ಉದ್ದನೆಯ ಪತ್ರ ಉಳಿದುಬಂದಿದೆ. ಅವನಿಗೆ ಈಜು ಬಾರದು. ಒಡೆದ ಹಡಗಿನಿಂದ ಕಿತ್ತುಬಂದ, ಮೇಜಿನಷ್ಟು ಅಗಲದ ಮರದ ಮುಚ್ಚಳವೊಂದನ್ನು ಅಪ್ಪಿಕೊಂಡ. ಜೊತೆಗಿದ್ದ ಮಾರ್ತಿನ್ ದೆ ಆರಾಂದಾ ಎಂಬ ಅಧಿಕಾರಿ ಅಂಗಿಯೊಳಗೆ ಹೊಲಿದುಕೊಂಡಿದ್ದ ನಾಣ್ಯಗಳ ಭಾರಕ್ಕೆ ಮುಳುಗಿಹೋದ. ಕಾಲುಗಳಿಗೆ ಪೆಟ್ಟಾಗಿ ರಕ್ತ ಸುರಿಯುತ್ತಿದ್ದ ಕ್ವೆಯಾರ್‌ನನ್ನು ಅಲೆಗಳು ದಡಕ್ಕೆ ತಂದುಹಾಕಿದವು.

ಈಗ ಆ ತೀರ ಬೆನ್ ಬುಲ್ಬೆನ್ ಬೆಟ್ಟದ ಎದುರಿಗೆ ಉದ್ದಕ್ಕೆ ಚಾಚಿದ ಬರಿಯ ಮರಳು. ಸಮುದ್ರ ಇಳಿದಾಗ ಹಳೆಯ ಹಡಗೊಂದರ ಕಪ್ಪು ತೊಲೆಗಳು ಮೇಲೆ ಕಾಣುತ್ತವೆ. ಬಂದವರು ಇದೇ ಸ್ಪೇನಿನ ಹಡಗು ಎಂದು ಫೋಟೊ ತೆಗೆದುಕೊಳ್ಳುತ್ತಾರೆ. ಅಲ್ಲ. ಮರದ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದ ಮೇಲೆ ಅದು 1770ರಲ್ಲಿ ಮುಳುಗಿದ ಗ್ರೇಹೌಂಡ್ ಎಂಬ ಇಂಗ್ಲಿಷ್ ಸರಕು ಹಡಗು ಎಂದು ಗೊತ್ತಾಯಿತು. ನಿಜವಾದ ಹಡಗುಗಳು ನೀರಿನಡಿಯಲ್ಲಿವೆ. 1985ರಲ್ಲಿ ಮುಳುಗುಗಾರರು ಅವನ್ನು ಕಂಡುಹಿಡಿದರು. 2015ರಲ್ಲಿ ಹುಲಿಯಾನಾದ ಕಂಚಿನ ಫಿರಂಗಿಗಳನ್ನು ಮೇಲೆತ್ತಿದರು. ಒಂದರ ಮೇಲೆ ಬಾರ್ಸಿಲೋನಾದವರು ಪೂಜಿಸುವ ಮಾತ್ರೋನಾ ಎಂಬ ಕ್ರೈಸ್ತ ಸಂತಳ ಚಿತ್ರವಿದೆ, 1570 ಎಂಬ ಇಸವಿಯೂ ಇದೆ.

ದಡ ಸೇರಿದ ಕ್ವೆಯಾರ್ ಆಸರೆ ಬೇಡಿ ಹೋದದ್ದು ಹತ್ತಿರದ ಸ್ಟಾಡ್ ಮಠಕ್ಕೆ. ಒಳಗೆ, ಆಗ ಐರ್ಲೆಂಡನ್ನು ಆಳುತ್ತಿದ್ದ ಇಂಗ್ಲಿಷರು ನೇಣು ಹಾಕಿದ ಹನ್ನೆರಡು ಸ್ಪೇನಿಗರ ಹೆಣಗಳು ತೂಗುತ್ತಿದ್ದವು. ಇಂದು ಹೊಲದ ನಡುವೆ, ಕಡಲಿನ ಅಂಚಿನಲ್ಲಿ, ಕಿಟಕಿಯ ಕಂಡಿಯಿರುವ ಒಂದು ಗೋಡೆ ಮಾತ್ರ ನಿಂತಿದೆ. ಆ ಕಲ್ಲುಗಳನ್ನು ಮುಟ್ಟಿದಾಗ ನನಗೆ ನಿಜವಾಗಿಯೂ ಮೈ ನಡುಗಿತು.

ಅಪ್ಪ, ನನ್ನ ಮನಸ್ಸಿನಲ್ಲಿ ಕೂತುಬಿಟ್ಟವಳು ಮಾತ್ರ ಒಬ್ಬ ಮುದುಕಿ. ಮಠದಿಂದ ಓಡಿದ ಕ್ವೆಯಾರ್‌ಗೆ ಎಂಬತ್ತು ದಾಟಿದ ಹೆಂಗಸೊಬ್ಬಳು ಕಾಡಿನ ದಾರಿಯಲ್ಲಿ ಸಿಗುತ್ತಾಳೆ. ತನ್ನ ಐದಾರು ಹಸುಗಳನ್ನು ಸೈನಿಕರ ಕಣ್ಣಿಗೆ ಬೀಳದಂತೆ ಬಚ್ಚಿಡಲು ಹೊಡೆದುಕೊಂಡು ಹೊರಟಿದ್ದಾಳೆ. ಇವನನ್ನು ಕಂಡು ಅಳುತ್ತಾಳೆ. ನನ್ನ ಮನೆಯ ಕಡೆ ಹೋಗಬೇಡ, ಅಲ್ಲಿ ಶತ್ರುಗಳಿದ್ದಾರೆ ಎಂದು ಸನ್ನೆಯಲ್ಲಿ ಎಚ್ಚರಿಸುತ್ತಾಳೆ. ದಡದಲ್ಲಿ ಸ್ಪೇನಿಗರ ಬಟ್ಟೆ ಕಿತ್ತುಕೊಂಡವರೂ ಇದೇ ಸೀಮೆಯವರು, ಅದೂ ಸತ್ಯ. ಆದರೆ ಈ ಮುದುಕಿಯ ಹೆಸರನ್ನಾಗಲಿ, ಅವಳ ಮನೆಯಿದ್ದ ಜಾಗವನ್ನಾಗಲಿ ಯಾವ ಫಲಕವೂ ತೋರಿಸುವುದಿಲ್ಲ.

ಮುಂದೆ ಅವನಿಗೆ ಆಶ್ರಯ ಕೊಟ್ಟವನು ಮೆಲ್ವಿನ್ ಸರೋವರದ ಮಕ್ಲಾನ್ಸಿ ಎಂಬ ಪಾಳೆಯಗಾರ. ನೀರಿನ ನಡುವಿನ ರಾಸ್‌ಕ್ಲೋಹರ್ ಕೋಟೆಯನ್ನು ಕ್ವೆಯಾರ್ ಮತ್ತು ಇತರ ಎಂಟು ಸ್ಪೇನಿಗರು ಹದಿನೇಳು ದಿನ ಕಾದರು. ಹಿಮಗಾಳಿ ತಡೆಯಲಾರದೆ ಇಂಗ್ಲಿಷ್ ಸೈನ್ಯ ಹಿಂದಿರುಗಿತು. ಕೋಟೆಯ ಮುರುಕು ಗೋಡೆಗಳು ಈಗಲೂ ದಡದಿಂದಲೇ ಕಾಣುತ್ತವೆ. ಮಕ್ಲಾನ್ಸಿ ತನ್ನ ತಂಗಿಯನ್ನೇ ಕೊಟ್ಟು ಅವನನ್ನು ಉಳಿಸಿಕೊಳ್ಳಲು ನೋಡಿದ. ಕ್ವೆಯಾರ್ ಹೇಳದೆ ಕೇಳದೆ ಹೊರಟುಹೋದ. 1590ರಲ್ಲಿ ಮಕ್ಲಾನ್ಸಿಯ ತಲೆ ಹಾರಿತು; ಸ್ಪೇನಿಗರಿಗೆ ನೆರವಾದ ಇನ್ನೊಬ್ಬ ಪಾಳೆಯಗಾರ ಓರೂರ್ಕ್‌ನನ್ನು 1591ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಅನ್ನ, ಆಸರೆ ಕೊಟ್ಟವರನ್ನು ಕ್ವೆಯಾರ್ ತನ್ನ ಪತ್ರದಲ್ಲಿ ಉದ್ದಕ್ಕೂ ಕಾಡುಜನರೆಂದೇ ಕರೆಯುತ್ತಾನೆ. ಅವನ ಧೈರ್ಯಕ್ಕೆ ತಲೆಬಾಗುತ್ತೇನೆ, ಆದರೆ ಇದನ್ನು ಕ್ಷಮಿಸಲು ನನ್ನಿಂದಾಗುವುದಿಲ್ಲ.

ಇಲ್ಲಿಯ ಕಪ್ಪು ಕೂದಲಿನವರು ಸ್ಪೇನಿಗರ ಸಂತತಿ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಾನು ನಂಬುವುದಿಲ್ಲ, ದಡ ಸೇರಿದವರಲ್ಲಿ ಬಹುಪಾಲು ಜನರನ್ನು ಕೊಂದುಹಾಕಿದ್ದರು.

ಪಕ್ಕದ ಗ್ರೇಂಜ್ ಹಳ್ಳಿಯವರು ಪ್ರತಿ ಸೆಪ್ಟೆಂಬರಿನಲ್ಲಿ ಸತ್ತವರ ಸ್ಮರಣೆ ಮಾಡುತ್ತಾರೆ. ನೀವಿಬ್ಬರೂ ಆ ಹೊತ್ತಿಗೇ ಬನ್ನಿ. ಕ್ವೆಯಾರ್‌ನ ಪತ್ರದ ಇಂಗ್ಲಿಷ್ ಅನುವಾದವನ್ನು ಇದರೊಂದಿಗೆ ಇಟ್ಟಿದ್ದೇನೆ. ಮುದುಕಿಯ ಭಾಗಕ್ಕೆ ಗುರುತು ಹಾಕಿದ್ದೇನೆ, ಅದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು,
ಸುಮಾ